8 ರೂಪಾಯಿ ಸಂಬಳದ ಮಾಸ್ತರರು ಕಟ್ಟಿದ ಶಾಲೆಗಳು: ಕುದ್ಮುಲ್ ರಂಗರಾಯರ ಜೀವನದಲ್ಲಿ ಶಿಕ್ಷಕರ ಪ್ರಶ್ನೆ

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಶಕ್ತಿನಗರದ ಒಂದು ಪ್ರೌಢಶಾಲೆ. ನನ್ನ ವಿಷಯ ಗಣಿತ ಮತ್ತು ಭೌತವಿಜ್ಞಾನ. ದಿನಾ ಬೆಳಿಗ್ಗೆ ಸ್ಟೇಟ್‌ಬ್ಯಾಂಕಿನಲ್ಲಿ ಸಿಟಿ ಬಸ್ಸು ಹತ್ತುವ ಮೊದಲು ಪುರಭವನದ ಮುಂದೆ ನಡೆದು ಹೋಗುತ್ತಿದ್ದೆ. ಅದರ ಹೆಸರು ಕುದ್ಮುಲ್ ರಂಗರಾವ್ ಪುರಭವನ. ಮಂಗಳೂರಿನವರೆಲ್ಲರಂತೆ ನಾನೂ ಆ ಹೆಸರನ್ನು ನೂರಾರು ಸಲ ಓದಿದ್ದೆ. ಅವರು ದಲಿತರಿಗೆ ಶಾಲೆ ತೆರೆದವರು ಎಂಬುದಷ್ಟೇ ನನಗೆ ಗೊತ್ತಿತ್ತು. ಅವರೂ ಒಂದು ಕಾಲದಲ್ಲಿ ಮಾಸ್ತರರಾಗಿದ್ದರು ಎಂಬುದು ಗೊತ್ತಿರಲಿಲ್ಲ.

ನಮ್ಮ ಇಂಟರ್ನ್‌ಶಿಪ್ ಶಾಲೆಯಲ್ಲಿ 10ನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತಿದ್ದವರು ಒಬ್ಬ ಅತಿಥಿ ಶಿಕ್ಷಕಿ. ಅವರ ಪಾಠವನ್ನು ನಾನು ವೀಕ್ಷಣಾ ಪಟ್ಟಿ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಎಲ್ಲದಕ್ಕೂ ಒಳ್ಳೆಯ ಅಂಕವನ್ನೇ ಕೊಟ್ಟೆ. ನಾಲ್ಕನೇ ವಾರದಲ್ಲಿ ಅವರು ಕೆಲಸ ಬಿಟ್ಟರು. ಗೌರವಧನ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಬರುವ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಭರವಸೆಯೂ ಇರಲಿಲ್ಲ. ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದರು. ತ್ರಿಕೋನಮಿತಿ ಅರ್ಧಕ್ಕೆ ನಿಂತಿತ್ತು. ಉಳಿದ ಮೂರು ವಾರ ಆ ತರಗತಿಯನ್ನು ನನಗೆ ವಹಿಸಿದರು. ಮೊದಲ ದಿನವೇ ಒಬ್ಬ ಹುಡುಗಿ ಎದ್ದು ನಿಂತು, ನೀವು ಎಷ್ಟು ದಿನ ಇರುತ್ತೀರಿ ಎಂದು ಕೇಳಿದಳು. ಮೂರು ವಾರ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ.

ಅದೇ ಹೊತ್ತಿಗೆ ಶಾಲಾ ನಿರ್ವಹಣೆಯ ನಿಯೋಜಿತ ಕಾರ್ಯಕ್ಕೆ ನನಗೆ ಬಂದ ವಿಷಯ: ಮಾನವ ಸಂಪನ್ಮೂಲ ನಿರ್ವಹಣೆಯ ಕ್ರಮಗಳು ಪ್ರೌಢಶಾಲಾ ಶಿಕ್ಷಕರ ಕಾರ್ಯಕ್ಷಮತೆಯ ಮೇಲೆ ಬೀರುವ ಪರಿಣಾಮ. ನೇಮಕಾತಿ, ತರಬೇತಿ, ವೇತನ, ಮೌಲ್ಯಮಾಪನ, ಪ್ರೇರಣೆ ಎಂದು ಐದು ತಲೆಬರಹ ಹಾಕಿ ಹತ್ತು ಪುಟ ಬರೆದುಕೊಟ್ಟೆ. ನಮ್ಮ ಉಪನ್ಯಾಸಕರು ಅದನ್ನು ಹಿಂದಿರುಗಿಸಿ, ನಮ್ಮ ಜಿಲ್ಲೆಯ ಒಂದು ಉದಾಹರಣೆಯಾದರೂ ಬೇಕು ಎಂದರು. ಹಾಗಾಗಿ ಪುರಭವನದ ಗೋಡೆಯ ಮೇಲಿನ ಆ ಹೆಸರಿನ ಹಿಂದೆ ಹೋದೆ. ಈ ಲೇಖನ ಅದರ ಫಲ. ರಂಗರಾಯರು ತೆರೆದದ್ದು ಪ್ರಾಥಮಿಕ ಶಾಲೆಗಳನ್ನು ಎಂಬುದು ನಿಜ. ಆದರೆ ಶಿಕ್ಷಕರ ಪ್ರಶ್ನೆ ಪ್ರೌಢಶಾಲೆಯಲ್ಲಿಯೂ ಅದೇ ಆದ್ದರಿಂದ ಅವರ ಜೀವನವನ್ನು ಆ ದೃಷ್ಟಿಯಿಂದ ಇಲ್ಲಿ ಹೇಳುತ್ತಿದ್ದೇನೆ.

ಮಾಸ್ತರರಾಗಿದ್ದ ದಿನಗಳು

ಕುದ್ಮುಲ್ ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿದ ಕುದ್ಮುಲ್ ಎಂಬಲ್ಲಿ. ಅದು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಸಾರಸ್ವತ ಬ್ರಾಹ್ಮಣ ಕುಟುಂಬ. ಇನ್ನೂ ಹುಡುಗರಾಗಿದ್ದಾಗಲೇ ತಂದೆ ತೀರಿಕೊಂಡರು. ಮನೆಯ ಭಾರ ಹೆಗಲಿಗೆ ಬಿತ್ತು. ಓದು ಮತ್ತು ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು.

ಸಿಕ್ಕಿದ ಮೊದಲ ಕೆಲಸ ಶಾಲಾ ಮಾಸ್ತರಿಕೆ. ಸಂಬಳ ತಿಂಗಳಿಗೆ 8 ರೂಪಾಯಿ. ಕೆಲಸ ಮಾಡುತ್ತಲೇ ಓದಿ, ವಕೀಲಿ ಪರೀಕ್ಷೆ ಪಾಸು ಮಾಡಿಕೊಂಡು ಮಂಗಳೂರಿನ ನ್ಯಾಯಾಲಯದಲ್ಲಿ ವಕೀಲರಾದರು. ಬಡವರ ಪರವಾಗಿ ವಾದಿಸುವವರು, ಸುಳ್ಳು ದಾವೆಗಳನ್ನು ಹಿಡಿಯದವರು ಎಂಬ ಹೆಸರು ಬಂತು.

ಅವರು ಶಾಲೆ ಬಿಟ್ಟದ್ದಕ್ಕೆ ಸಂಬಳ ಒಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಒಂದು ಮಾತನ್ನು ಗಮನಿಸಬೇಕು. ಮುಂದೆ ಈ ಜಿಲ್ಲೆಯಲ್ಲಿ ಶಿಕ್ಷಣದ ಅತಿ ದೊಡ್ಡ ಕೆಲಸ ಮಾಡಿದ ಮನುಷ್ಯನನ್ನು ಆ ಕಾಲದ ಶಾಲಾ ವ್ಯವಸ್ಥೆ ಮಾಸ್ತರರಾಗಿ ಉಳಿಸಿಕೊಳ್ಳಲಿಲ್ಲ. ಶಾಲೆ ಕಳೆದುಕೊಂಡ ಮಾಸ್ತರರು ವಕೀಲಿಯಲ್ಲಿ ಗಳಿಸಿ, ಆ ಹಣವನ್ನು ಮತ್ತೆ ಶಾಲೆಗೇ ಸುರಿದರು. ಎಲ್ಲರೂ ಹಾಗೆ ಹಿಂದಿರುಗಿ ಬರುವುದಿಲ್ಲ.

ಕಲಿತರೂ ಒಳಗೆ ಬಿಡದ ಊರು

ಆ ಕಾಲದ ಮಂಗಳೂರು ವಿದ್ಯೆಗೆ ಹಿಂದುಳಿದ ಊರಲ್ಲ. 1834ರಲ್ಲಿ ಬಾಸೆಲ್ ಮಿಷನ್ ಇಲ್ಲಿಗೆ ಬಂದು ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳನ್ನು ಕಟ್ಟಿತ್ತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಸರಕಾರಿ ಕಾಲೇಜೂ ಇತ್ತು. ಆದರೆ ಅಸ್ಪೃಶ್ಯರೆಂದು ಊರು ಹೊರಗಿಟ್ಟಿದ್ದವರ ಮಕ್ಕಳಿಗೆ ಸಾಮಾನ್ಯ ಶಾಲೆಯ ಜಗಲಿಯೂ ದೂರವೇ. ಹೇಗೋ ನಾಲ್ಕಕ್ಷರ ಕಲಿತ ದಲಿತ ಯುವಕನೊಬ್ಬನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ಸಿಕ್ಕಿದಾಗ ಮೇಲ್ಜಾತಿಯವರು ಎದ್ದು ನಿಂತು ವಿರೋಧಿಸಿದರೆಂದೂ, ಆ ಘಟನೆ ರಂಗರಾಯರ ಮನಸ್ಸನ್ನು ತಿರುಗಿಸಿತೆಂದೂ ಇಲ್ಲಿ ಹೇಳುತ್ತಾರೆ.

ನಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ ಇದು ನೇಮಕಾತಿಯ ಮೊದಲ ಪಾಠ. ಆದೇಶ ಪತ್ರ ಕೊಟ್ಟ ಮಾತ್ರಕ್ಕೆ ನೇಮಕಾತಿ ಮುಗಿಯುವುದಿಲ್ಲ. ಕೆಲಸದ ಜಾಗದಲ್ಲಿ ಆ ಮನುಷ್ಯನಿಗೆ ಕೂರಲು ಬೆಂಚು, ಕುಡಿಯಲು ನೀರು, ಮಾತಾಡಲು ಒಬ್ಬರು ಬೇಕು. ಸ್ಟಾಫ್ ರೂಮಿನಲ್ಲಿ ಅತಿಥಿ ಶಿಕ್ಷಕರಿಗೆ ಸ್ವಂತ ಮೇಜಿಲ್ಲದೆ, ಕಿಟಕಿ ಕಟ್ಟೆಯ ಮೇಲೆ ಉತ್ತರ ಪತ್ರಿಕೆ ಇಟ್ಟುಕೊಂಡು ತಿದ್ದುವುದನ್ನು ಕಂಡ ಮೇಲೆ ನನಗೆ ಈ ಮಾತು ಪುಸ್ತಕದ್ದೆನಿಸುವುದಿಲ್ಲ.

ರಂಗರಾಯರು ಬ್ರಹ್ಮಸಮಾಜದ ಪ್ರಭಾವಕ್ಕೆ ಒಳಗಾದವರು. ಮಂಗಳೂರಿನಲ್ಲಿ ಉಳ್ಳಾಲ ರಘುನಾಥಯ್ಯ ಮುಂತಾದವರ ಮೂಲಕ ಬ್ರಹ್ಮಸಮಾಜ ನೆಲೆಯೂರಿತ್ತು. ಆ ಬಳಗದಲ್ಲಿ ಅವರ ಆಲೋಚನೆ ಗಟ್ಟಿಯಾಯಿತು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಮಾಸ್ತರರು ಸಿಗದ ಶಾಲೆ

ಶಾಲೆ ತೆರೆದಾಗ ಮಕ್ಕಳ ಕೊರತೆಗಿಂತ ಮೊದಲು ಎದುರಾದದ್ದು ಮಾಸ್ತರರ ಕೊರತೆ. ದಲಿತ ಮಕ್ಕಳಿಗೆ ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಮುಂದೆ ಬರಲಿಲ್ಲ. ಬಂದವರನ್ನೂ ಊರು ನಿಲ್ಲಗೊಡಲಿಲ್ಲ. ಬೆದರಿಕೆ, ಕಲ್ಲೆಸೆತ, ಬಹಿಷ್ಕಾರ. ಕಟ್ಟಡ ಕೊಟ್ಟವರು ಹಿಂದೆಗೆದು, ಶಾಲೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯಬೇಕಾಯಿತು. ರಂಗರಾಯರಿಗೂ ಜಾತಿಯಿಂದ ಬಹಿಷ್ಕಾರ ಬಿತ್ತು. ಕ್ಷೌರಿಕರು, ಅಗಸರು ಅವರ ಮನೆಗೆ ಬರುವುದು ನಿಂತಿತು.

ಅಲ್ಲಿ ಮಾಸ್ತರರ ಮುಂದಿದ್ದ ಪ್ರಶ್ನೆಯನ್ನು ಊಹಿಸಿಕೊಳ್ಳಿ. ಪಾಠ ಹೇಗೆ ಮಾಡಲಿ ಎಂಬುದಲ್ಲ, ನಾಳೆ ಶಾಲೆಗೆ ಬರಲೇ ಬೇಡವೇ ಎಂಬುದು. ಇಂಥ ಸ್ಥಿತಿಯಲ್ಲಿರುವವರಿಗೆ ಬೋಧನಾ ವಿಧಾನದ ಕಾರ್ಯಾಗಾರ ನಡೆಸಿ ಏನು ಪ್ರಯೋಜನ? ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಮಂಡಿಸಿದ ಎರಡು ಅಂಶಗಳ ಸಿದ್ಧಾಂತವನ್ನು ನಾವು ಪರೀಕ್ಷೆಗೆ ಓದುತ್ತೇವೆ. ಸಂಬಳ, ಭದ್ರತೆ, ಕೆಲಸದ ಪರಿಸರ, ಮೇಲಿನವರ ನಡವಳಿಕೆ ಇವು ಒಂದು ಕಡೆ; ಸಾಧನೆ, ಮನ್ನಣೆ, ಕೆಲಸದಲ್ಲಿನ ಅರ್ಥ ಇವು ಇನ್ನೊಂದು ಕಡೆ. ಮೊದಲನೆಯವು ಇದ್ದರೆ ಉತ್ಸಾಹ ಉಕ್ಕುತ್ತದೆಂದಿಲ್ಲ; ಇಲ್ಲದಿದ್ದರೆ ಮಾತ್ರ ಅತೃಪ್ತಿ ಖಂಡಿತ. ಎರಡನೆಯವು ಮನುಷ್ಯನನ್ನು ಕೆಲಸದತ್ತ ಎಳೆಯುತ್ತವೆ. ರಂಗರಾಯರ ಶಾಲೆಯ ಕೆಲಸದಲ್ಲಿ ಅರ್ಥಕ್ಕೆ ಕೊರತೆ ಇರಲಿಲ್ಲ. ಆದರೂ ಮಾಸ್ತರರು ಸಿಗಲಿಲ್ಲ. ಕೆಲಸ ಎಷ್ಟೇ ದೊಡ್ಡದಿದ್ದರೂ ಕಾಲಡಿಯ ನೆಲ ಗಟ್ಟಿಯಿಲ್ಲದೆ ಯಾರೂ ನಿಲ್ಲಲಾರರು.

ಅವರು ಕಂಡುಕೊಂಡ ದಾರಿ ಸರಳ. ಆ ಮಕ್ಕಳನ್ನು ಮುಟ್ಟಲು ಹಿಂಜರಿಯದವರನ್ನು ಹುಡುಕಿದರು. ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಮಿಷನ್ ಶಾಲೆಗಳಿದ್ದ ಮಂಗಳೂರಿನಲ್ಲಿ ಓದು ಬಲ್ಲ ಕ್ರೈಸ್ತ ಯುವಕರಿದ್ದರು. ಇದನ್ನೂ ಹಲವರು ಟೀಕಿಸಿದರು. ಮುಂದೆ ಕಲಿತ ದಲಿತರೇ ತಮ್ಮ ಮಕ್ಕಳಿಗೆ ಮಾಸ್ತರರಾಗಿ ನಿಂತರು. ನನ್ನ ದೃಷ್ಟಿಯಲ್ಲಿ ಅವರ ಕೆಲಸದ ಅತಿ ಮುಖ್ಯ ತಿರುವು ಇದು. ತನ್ನಂಥವರೇ ಹಲಗೆಯ ಮುಂದೆ ನಿಂತದ್ದನ್ನು ಕಂಡ ಮಗುವಿಗೆ ಬೇರೆ ಪ್ರೇರಣೆಯ ಪಾಠ ಬೇಕಿಲ್ಲ. ಆ ಮಾಸ್ತರರಿಗೂ ಅದು ಬರೀ ಉದ್ಯೋಗವಲ್ಲ.

ಪುಣೆಯಲ್ಲಿ ಜ್ಯೋತಿಬಾ ಫುಲೆಯವರು 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಎದುರಾದದ್ದೂ ಇದೇ ಕಷ್ಟ. ಅಲ್ಲಿ ಸಾವಿತ್ರಿಬಾಯಿಯವರೇ ಓದಿ, ತರಬೇತಿ ಪಡೆದು ಶಿಕ್ಷಕಿಯಾದರು. ಹೊರಗಿನಿಂದ ಶಿಕ್ಷಕರು ಬರದಿದ್ದಲ್ಲಿ ಒಳಗಿನಿಂದಲೇ ಶಿಕ್ಷಕರನ್ನು ಬೆಳೆಸಬೇಕೆಂಬುದು ಎರಡೂ ಕಡೆಯ ಅನುಭವ.

ಎರಡು ಪೈಸೆ ಮತ್ತು ಒಂದು ಹೊತ್ತಿನ ಊಟ

ಮಾಸ್ತರರು ಸಿಕ್ಕ ಮೇಲೆ ಮಕ್ಕಳು ಬರಬೇಕಲ್ಲ. ದುಡಿಯುವ ಮನೆಯಲ್ಲಿ ಮಗುವೂ ಒಂದು ಕೂಲಿ. ಶಾಲೆಗೆ ಕಳಿಸಿದರೆ ಆ ದಿನದ ಕೂಲಿ ಹೋದ ಹಾಗೆ. ರಂಗರಾಯರು ಶಾಲೆಗೆ ಬರುವ ಮಕ್ಕಳಿಗೆ ದಿನಕ್ಕೆ 2 ಪೈಸೆ ಕೊಡುವ ಏರ್ಪಾಟು ಮಾಡಿದರು. ಮಧ್ಯಾಹ್ನದ ಊಟದ ವ್ಯವಸ್ಥೆಯನ್ನೂ ಮಾಡಿದರು. ಇಂದಿನ ಅಕ್ಷರ ದಾಸೋಹದ ಬಗ್ಗೆ ಪಾಠ ಕೇಳುವ ನಮಗೆ, ಇದೇ ಊರಿನಲ್ಲಿ ಅಷ್ಟು ಹಿಂದೆಯೇ ಅನ್ನ ಬಡಿಸಿ ಅಕ್ಷರ ಕಲಿಸಿದವರಿದ್ದರು ಎಂಬುದು ತಿಳಿದಿರಬೇಕು.

ಇವು ಮಕ್ಕಳಿಗಾಗಿ ಮಾಡಿದ ಏರ್ಪಾಟುಗಳು ಎಂದಷ್ಟೇ ನಾವು ಓದುತ್ತೇವೆ. ನಾನು ಇವುಗಳನ್ನು ಶಿಕ್ಷಕರ ದೃಷ್ಟಿಯಿಂದಲೂ ಓದಲು ಬಯಸುತ್ತೇನೆ. ನಿನ್ನೆ ಬಂದ ಹತ್ತು ಮಕ್ಕಳಲ್ಲಿ ಇಂದು ನಾಲ್ವರೇ ಬಂದರೆ ಯಾವ ಪಾಠಯೋಜನೆ ತಾನೇ ಮುಂದೆ ಹೋಗುತ್ತದೆ? ಹಸಿದ ಮಗುವಿಗೆ ಮಗ್ಗಿ ಹೇಳಿಸುವ ಮಾಸ್ತರರು ಸಂಜೆ ತಾನೇ ಸೋತೆ ಎಂದುಕೊಳ್ಳುತ್ತಾರೆ. ಹಾಜರಿಯ ಭಾರವನ್ನು ಮಾಸ್ತರರ ತಲೆಯ ಮೇಲೆ ಹಾಕದೆ, ಸಂಸ್ಥೆಯೇ ಹೊತ್ತುಕೊಂಡದ್ದು ಇಲ್ಲಿನ ವಿಶೇಷ. ಶಿಕ್ಷಕರ ಕಾರ್ಯಕ್ಷಮತೆ ಅಳೆಯುವ ಮೊದಲು ಅವರ ಕೈಯಲ್ಲಿ ಇಲ್ಲದ ಕಾರಣಗಳನ್ನು ಬೇರೆ ಮಾಡಬೇಕು.

ಈ ಮಾತಿಗೆ ಆ ಕಾಲದ್ದೇ ಒಂದು ವಿರುದ್ಧ ಉದಾಹರಣೆ ಇದೆ. ಬ್ರಿಟಿಷ್ ಆಡಳಿತದಲ್ಲಿ, ಮದರಾಸು ಪ್ರಾಂತ್ಯದಲ್ಲಿಯೂ, ಮಕ್ಕಳ ಪರೀಕ್ಷಾ ಫಲಿತಾಂಶ ನೋಡಿ ಖಾಸಗಿ ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿ ಇತ್ತು. ಇನ್ಸ್‌ಪೆಕ್ಟರು ಬಂದು ಪರೀಕ್ಷೆ ಮಾಡುವುದು, ಪಾಸಾದ ತಲೆಗಳನ್ನು ಎಣಿಸುವುದು, ಅದರಂತೆ ಹಣ. ಇಂಥ ಲೆಕ್ಕದಲ್ಲಿ ಓದುವ ಮನೆಯ ಮಕ್ಕಳಿರುವ ಶಾಲೆಗೆ ಲಾಭ. ಮೊದಲ ತಲೆಮಾರಿನ ಕಲಿಕೆಯವರು ಬರುವ ಶಾಲೆಗೆ ನಷ್ಟ. ಅತಿ ಕಷ್ಟದ ಕೆಲಸ ಮಾಡುವ ಮಾಸ್ತರರಿಗೇ ಅತಿ ಕಡಿಮೆ ಪ್ರತಿಫಲ. ಉರು ಹೊಡೆಸುವುದೇ ಬೋಧನೆಯಾಯಿತು. ಕೊನೆಗೆ ಲಾರ್ಡ್ ಕರ್ಜನ್ ಕಾಲದ 1904ರ ಶಿಕ್ಷಣ ನೀತಿ ನಿರ್ಣಯ ಈ ಪದ್ಧತಿಗೆ ವಿದಾಯ ಹೇಳಿತು. ಆದರೆ ಅದರ ನೆರಳು ಇನ್ನೂ ಹೋಗಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು ಒಂದನ್ನೇ ಹಿಡಿದು ಶಿಕ್ಷಕರನ್ನು ಅಳೆದಾಗ ನಾವು ಅದೇ ತಪ್ಪನ್ನು ಮಾಡುತ್ತೇವೆ. ತ್ರಿಕೋನಮಿತಿ ಅರ್ಧಕ್ಕೆ ನಿಂತ ಆ ತರಗತಿಯ ಫಲಿತಾಂಶ ಬಂದಾಗ ಯಾರ ಹೆಸರಿನ ಮುಂದೆ ಅಂಕ ಬರೆಯಬೇಕು? ಬಿಟ್ಟು ಹೋದವರದೋ, ಮೂರು ವಾರ ಇದ್ದ ನನ್ನದೋ?

ಶಾಲೆಯ ಆಚೆ

ರಂಗರಾಯರ ಕೆಲಸ ಶಾಲೆಗೇ ನಿಲ್ಲಲಿಲ್ಲ. ಕಲಿತವರಿಗೆ ಕೆಲಸ ಬೇಕೆಂದು ನೇಯ್ಗೆ, ಬಡಗಿ ಕೆಲಸಗಳ ತರಬೇತಿ ನಡೆಸಿದರು. ಮನೆ ಕಟ್ಟಿಕೊಳ್ಳಲು ನಿವೇಶನ ಕೊಡಿಸಲು ಹೋರಾಡಿದರು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೆ ಪ್ರಾತಿನಿಧ್ಯ ಸಿಗಬೇಕೆಂದು ದುಡಿದರು. ಶಾಲೆಗಳ ಸಂಖ್ಯೆ ಬೆಳೆಯಿತು. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಮಿಷನ್ನಿನ ಕೇಂದ್ರವಿತ್ತು.

ಹೇಳಿದ್ದನ್ನು ಮನೆಯಲ್ಲಿಯೂ ನಡೆಸಿದವರು ಅವರು. ಮಗಳು ರಾಧಾಬಾಯಿಯವರ ವಿವಾಹ ಜಾತಿಯ ಗಡಿ ದಾಟಿ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತ್ಯದ ಮುಖ್ಯ ಮಂತ್ರಿಯಾದರು. ರಾಧಾಬಾಯಿಯವರೂ ಸಾರ್ವಜನಿಕ ಜೀವನದಲ್ಲಿ ಹೆಸರು ಮಾಡಿದರು.

ವಯಸ್ಸಾಗುತ್ತ ಬಂದಾಗ ರಂಗರಾಯರು ಮಾಡಿದ ಇನ್ನೊಂದು ಕೆಲಸ ನಮ್ಮ ವಿಷಯಕ್ಕೆ ಹತ್ತಿರದ್ದು. ಮಿಷನ್ನನ್ನು ತನ್ನ ಕುಟುಂಬದ ಆಸ್ತಿಯಾಗಿಸದೆ, ಗೋಪಾಲಕೃಷ್ಣ ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. ಒಬ್ಬ ವ್ಯಕ್ತಿಯ ಉತ್ಸಾಹದ ಮೇಲೆ ನಿಂತ ಶಾಲೆ ಆ ವ್ಯಕ್ತಿಯೊಂದಿಗೆ ಮುಗಿಯುತ್ತದೆ. ಸಂಸ್ಥೆಯ ಮೇಲೆ ನಿಂತ ಶಾಲೆಯ ಮಾಸ್ತರರಿಗೆ ನಾಳೆ ಎಂಬುದೊಂದು ಇರುತ್ತದೆ.

1927ರಲ್ಲಿ ಅವರು ಈಶ್ವರಾನಂದ ಎಂಬ ಹೆಸರಿನಲ್ಲಿ ಸಂನ್ಯಾಸ ಸ್ವೀಕರಿಸಿದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಅಂತ್ಯಕ್ರಿಯೆಯನ್ನು ಊರಿನ ಕಸ ಗುಡಿಸುವ ಸಮುದಾಯದವರೇ ಮಾಡಬೇಕೆಂಬುದು ಅವರ ಇಚ್ಛೆಯಾಗಿತ್ತು ಎನ್ನುತ್ತಾರೆ. ತನ್ನ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಮುಂದೆ ದೊಡ್ಡ ಹುದ್ದೆಗೇರಿ ಇದೇ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬ ಅವರ ಹಂಬಲವನ್ನು ಮಂಗಳೂರಿನವರು ಇಂದಿಗೂ ನೆನೆಯುತ್ತಾರೆ. 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರ ಸಂಸ್ಥೆಗೆ ಭೇಟಿ ಕೊಟ್ಟರು. ಆಗ ರಂಗರಾಯರು ಇರಲಿಲ್ಲ, ಶಾಲೆ ಇತ್ತು.

ತ್ಯಾಗವೆಂಬ ಮಾತಿನ ಬಗ್ಗೆ

ಇಂಥ ಜೀವನಗಳನ್ನು ಶಿಕ್ಷಕರ ದಿನಾಚರಣೆಯಲ್ಲಿ ಹೇಳುವಾಗ ನಾವು ತ್ಯಾಗ ಎಂಬ ಒಂದೇ ಪದದಲ್ಲಿ ಮುಗಿಸುತ್ತೇವೆ. ಶಿಕ್ಷಕರೂ ಹಾಗೆಯೇ ತ್ಯಾಗಿಗಳಾಗಬೇಕು ಎಂದು ಭಾಷಣ ಕೊನೆಯಾಗುತ್ತದೆ. ನಾನೂ ಹಾಗೆಯೇ ಬರೆಯಲು ಹೊರಟಿದ್ದೆ. ಆದರೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತ ಆ ಗಣಿತ ಶಿಕ್ಷಕಿಯ ನೆನಪು ನನ್ನನ್ನು ತಡೆಯಿತು.

ರಂಗರಾಯರು ತ್ಯಾಗ ಮಾಡಿದರು, ನಿಜ. ಆದರೆ ಅವರು ಮಾಡಿದ್ದು ತನ್ನ ತ್ಯಾಗ. ಬಹಿಷ್ಕಾರವನ್ನು ತನ್ನ ಮನೆಯ ಬಾಗಿಲಿಗೆ ಎಳೆದುಕೊಂಡರು. ಮಕ್ಕಳ ಹಸಿವನ್ನು, ಮನೆಯವರ ಕೂಲಿ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು ಅದಕ್ಕೊಂದು ಏರ್ಪಾಟು ಹುಡುಕಿದರು. ಒಳ್ಳೆಯ ಆಡಳಿತ ಎಂದರೆ ಇದೇ ಇರಬೇಕು. ಮೇಲಿರುವವರು ಭಾರ ಹೊತ್ತರೆ ತರಗತಿಯಲ್ಲಿರುವವರಿಗೆ ಪಾಠ ಮಾಡಲು ಕೈ ಖಾಲಿಯಾಗುತ್ತದೆ. ಕೆಳಗಿರುವವರಿಂದ ತ್ಯಾಗ ಕೇಳುವುದು ಸುಲಭ; ಅದಕ್ಕೆ ಮಾನವ ಸಂಪನ್ಮೂಲ ನಿರ್ವಹಣೆ ಎಂಬ ದೊಡ್ಡ ಹೆಸರು ಬೇಕಿಲ್ಲ.

ನಾವು ಪ್ರಶಿಕ್ಷಣಾರ್ಥಿಗಳು ಸಂಬಳ ನಿಗದಿ ಮಾಡುವವರಲ್ಲ, ನೇಮಕಾತಿ ಆದೇಶ ಹೊರಡಿಸುವವರೂ ಅಲ್ಲ. ಆದರೂ ನಮ್ಮ ಕೈಯಲ್ಲಿರುವುದು ಕೆಲವಿದೆ. ಮುಂದೆ ನಾವು ಕಾಯಂ ಶಿಕ್ಷಕರಾದರೆ ಅತಿಥಿ ಶಿಕ್ಷಕರಿಗೆ ಮೇಜಿನ ಅರ್ಧ ಭಾಗ ಬಿಟ್ಟುಕೊಡಬಹುದು. ಮುಖ್ಯೋಪಾಧ್ಯಾಯರಾದರೆ ಹೊಸಬರ ಮೊದಲ ತಿಂಗಳಲ್ಲಿ ತಪ್ಪು ಹುಡುಕುವ ಬದಲು ಜೊತೆಗೆ ಕುಳಿತು ಪಾಠಯೋಜನೆ ನೋಡಬಹುದು. ಗೌರವಧನದ ಬಿಲ್ಲು ಯಾವ ಮೇಜಿನಲ್ಲಿ ನಿಂತಿದೆ ಎಂದು ಫೋನು ಮಾಡಿ ಕೇಳಬಹುದು. ಪ್ರಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಇಂಟರ್ನ್‌ಶಿಪ್ ವರದಿಯಲ್ಲಿ ಬೋಧನಾ ಕೌಶಲಗಳ ಜೊತೆಗೆ, ಆ ಶಾಲೆಯಲ್ಲಿ ಶಿಕ್ಷಕರು ಯಾವ ಸ್ಥಿತಿಯಲ್ಲಿ ಕೆಲಸ ಮಾಡುತ್ತಾರೆ ಎಂದು ಬರೆಯಲು ಒಂದು ಪುಟ ಇರಲಿ.

ಮೂರು ವಾರ ಮುಗಿದು ನಾನು ಶಕ್ತಿನಗರದ ಶಾಲೆಯಿಂದ ಬರುವ ದಿನ ಎತ್ತರ ಮತ್ತು ದೂರದ ಲೆಕ್ಕಗಳು ಇನ್ನೂ ಉಳಿದಿದ್ದವು. ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಿ, ಮುಂದಿನ ನಾಲ್ಕು ಶನಿವಾರ ಹೋಗಿ ಅವನ್ನು ಮುಗಿಸಿದೆ. ಎಷ್ಟು ದಿನ ಇರುತ್ತೀರಿ ಎಂದು ಕೇಳಿದ್ದ ಹುಡುಗಿ ಕೊನೆಯ ಶನಿವಾರವೂ ಬಂದಿದ್ದಳು. ನಾಲ್ಕು ಶನಿವಾರ ಒಂದು ಶಾಲೆಗೆ ಉತ್ತರವಲ್ಲ ಎಂದು ನನಗೆ ಗೊತ್ತು. ಅವಳಿಗೆ ಬೇಕಾದದ್ದು ಜೂನ್‌ನಲ್ಲಿ ಬಂದು ಮಾರ್ಚ್‌ವರೆಗೆ ನಿಲ್ಲುವ, ಮರುವರ್ಷವೂ ಅಲ್ಲೇ ಸಿಗುವ ಒಬ್ಬ ಗಣಿತ ಶಿಕ್ಷಕರು.